ಒಂದೇ ಪಂಕ್ತಿ

ಶನಿವಾರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನಾವು ಮೂವರೂ ಸೇರಿ ಆಡಬಹುದಾದ ಒಂದು ಉಚಿತ ಆನ್‌ಲೈನ್ ಆಟ ಬೇಕಾಗಿತ್ತು. ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಅಕ್ಕನ ಮಗ ಮುಲುಂಡಿನಲ್ಲಿ, ತಮ್ಮ ಕುಂದಾಪುರದ ಹತ್ತಿರ ನಮ್ಮ ಹಳೆಯ ಮನೆಯಲ್ಲಿ. ನನಗೆ 43, ತಮ್ಮನಿಗೆ 37, ಹುಡುಗನಿಗೆ 14. ಆಟ ಗೊತ್ತುಮಾಡಲು ಎರಡೂವರೆ ತಿಂಗಳು ಹಿಡಿಯಿತು. ಮನೆಗೆ ಹೆಣ್ಣು ನೋಡಿದಷ್ಟು ಓಡಾಟವಿಲ್ಲದಿದ್ದರೂ ವಿಚಾರಣೆ ಮಾತ್ರ ಅದಕ್ಕಿಂತ ಕಡಿಮೆಯದಾಗಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ತಮ್ಮನ ಜೊತೆಗಿನ ಫೋನು ಎರಡು ನಿಮಿಷಕ್ಕೆ ಇಳಿದಿತ್ತು. ಊಟ ಆಯಿತೇ, ಅಮ್ಮನ ಮಂಡಿನೋವು ಹೇಗಿದೆ, ಮಳೆ ಬಂತೇ. ಅಲ್ಲಿಗೆ ಇಬ್ಬರ ಬಳಿಯೂ ಮಾತು ಮುಗಿಯುತ್ತಿತ್ತು. ನಮ್ಮಿಬ್ಬರ ನಡುವೆ ಮಾತಿಗೆ ಮೊದಲಿಂದಲೂ ಕೈಕೆಲಸದ ಆಸರೆ ಬೇಕು. ಚಿಕ್ಕಂದಿನಲ್ಲಿ ನಾವು ಮನಸ್ಸು ಬಿಚ್ಚಿ ಆಡಿದ ಮಾತೆಲ್ಲ ತೆಂಗಿನಕಾಯಿ ಸುಲಿಯುವಾಗ, ತೋಟಕ್ಕೆ ನೀರು ಬಿಡುವಾಗ, ಭತ್ತದ ಮೂಟೆಯ ಮೇಲೆ ಕೂತು ಗಿರಣಿಯಲ್ಲಿ ಸರದಿ ಕಾಯುವಾಗ ಆಡಿದ್ದು. ಸುಮ್ಮನೆ ಎದುರುಬದುರು ಕೂತು ಮಾತನಾಡಲು ನಮಗೆ ಬರುವುದಿಲ್ಲ. 900 ಕಿಲೋಮೀಟರಿನಷ್ಟು ದೂರದಲ್ಲಿದ್ದುಕೊಂಡು ಇಬ್ಬರೂ ಸೇರಿ ಮಾಡುವ ಕೆಲಸ ಯಾವುದಿದೆ?

ಅದಕ್ಕೆ ಉತ್ತರ ಬಂದದ್ದು ಅಕ್ಕನ ಮನೆಯ ಒಂದು ಜಗಳದಿಂದ. ಮೇ ತಿಂಗಳ ರಜೆಯಲ್ಲಿ ಹುಡುಗ ಮೊಬೈಲಿನಲ್ಲಿ ಒಂದು ಆಟ ಹಿಡಿದಿದ್ದ. ಉಚಿತ, ಸಾವಿರಾರು ಜನ ಒಂದೇ ಲೋಕದೊಳಗೆ ಓಡಾಡುತ್ತ ಪಾತ್ರ ವಹಿಸಿ ಆಡುವಂಥದ್ದು. ಹೆಸರು ಬೇಡ. ಅಕ್ಕನ ಫೋನಿನಿಂದ ಮೊದಲು 89 ರೂಪಾಯಿ ಹೋಯಿತು. ಹತ್ತೊಂಬತ್ತು ದಿನಗಳಲ್ಲಿ ಅದು 3,740 ಆಯಿತು. ಅಕ್ಕ ನನ್ನನ್ನು ಕರೆಸಿದಳು. ಭಾವ ಕೆಲಸದಿಂದ ಬರುವ ಮುಂಚೆ ವಿಷಯ ತೀರಬೇಕು ಎನ್ನುವುದು ಅವಳ ಆತುರ.

ಹುಡುಗ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ನನಗೆ ಆಟವನ್ನು ತೋರಿಸಿದ. ಪ್ರತಿಯೊಬ್ಬರ ತಲೆಯ ಮೇಲೂ ಹೆಸರಿನ ಪಕ್ಕ ಎರಡು ಅಂಕಿ: ಒಂದು ಅವರ ಬಲದ ಮೊತ್ತ, ಇನ್ನೊಂದು ಎಷ್ಟು ಹಣ ಸುರಿದಿದ್ದಾರೆ ಎಂಬುದರ ದರ್ಜೆ. ಎರಡನೆಯದು ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಹರಳುಗಳು 100ರ ಕಟ್ಟಿನಲ್ಲಿ ಸಿಗುತ್ತವೆ, ಬೇಕಾದ ಕತ್ತಿಗೆ 120. ಹಾಗಾಗಿ ಯಾವಾಗಲೂ ಇನ್ನೊಂದು ಕಟ್ಟು ಕೊಳ್ಳಬೇಕು, ಯಾವಾಗಲೂ ಒಂದಷ್ಟು ಉಳಿಯುತ್ತದೆ, ಉಳಿದದ್ದು ಮುಂದಿನ ಖರೀದಿಗೆ ಎಳೆಯುತ್ತದೆ. ಮೂಲೆಯಲ್ಲಿ ಗಡಿಯಾರ: ಈ ರಿಯಾಯಿತಿ ಮುಗಿಯಲು ಇನ್ನು 14 ನಿಮಿಷ. ಅದು ಮುಗಿಯಿತು, ಮತ್ತೆ 60 ನಿಮಿಷದಿಂದ ಶುರುವಾಯಿತು. ನಾನು ನೋಡುತ್ತಲೇ ಇದ್ದೆ. ಆಟವನ್ನಾದರೂ ಹುಡುಗ ಆಡುತ್ತಿದ್ದನೇ ಎಂದರೆ ಅದೂ ಇಲ್ಲ. ಒಂದು ಗುಂಡಿ ಒತ್ತಿದರೆ ಪಾತ್ರ ತಾನಾಗಿ ನಡೆಯುತ್ತದೆ, ತಾನಾಗಿ ಹೊಡೆಯುತ್ತದೆ. ಇವನು ಕೆಂಪು ಚುಕ್ಕೆ ಕಂಡಲ್ಲೆಲ್ಲ ಬೆರಳಿಟ್ಟು ಬಹುಮಾನ ಬಾಚಿಕೊಳ್ಳಬೇಕು, ಅಷ್ಟೆ.

"ಇಷ್ಟೊಂದು ಯಾಕೆ ಹಾಕಿದೆ?" ಎಂದು ಕೇಳಿದೆ. "ಹಾಕದಿದ್ದರೆ ಬಲ ಏರುವುದಿಲ್ಲ ಮಾವ. ಬಲ ಏರದಿದ್ದರೆ ಗಿಲ್ಡಿನಿಂದ ತೆಗೆದುಹಾಕುತ್ತಾರೆ," ಎಂದ. ಗಿಲ್ಡ್ ಎಂದರೆ ಜೊತೆಯಾಗಿ ಆಡುವವರ ಸಂಘ. ಅವನ ದನಿಯಲ್ಲಿ ದುರಾಸೆ ಇರಲಿಲ್ಲ, ಅವಮಾನದ ಹೆದರಿಕೆ ಇತ್ತು. ನನಗೆ ಕೂಡಲೇ ಅಪ್ಪ ನೆನಪಾದರು.

ಅಪ್ಪ ಊರಿನ ಒಂದು ದೇವಸ್ಥಾನದ ಊಟಕ್ಕೆ ಸಾಯುವವರೆಗೂ ಹೋಗಲಿಲ್ಲ. ಅವರ ಬಾಲ್ಯದಲ್ಲಿ ಅಲ್ಲಿ ಎರಡು ಪಂಕ್ತಿ. ಒಳಗಿನ ಪಂಕ್ತಿಗೆ ಬಡಿಸಿ ಉಳಿದದ್ದು ಹೊರಗಿನ ಪಂಕ್ತಿಗೆ. ಅಕ್ಕಿ ಅದೇ, ಸಾರೂ ಅದೇ, ದುಡ್ಡು ಯಾರೂ ಕೊಡಬೇಕಾಗಿರಲಿಲ್ಲ. ಆದರೆ ಹೊರಗೆ ಕೂತವನಿಗೆ ತಾನು ಹೊರಗೆ ಕೂತಿದ್ದೇನೆ ಎಂಬುದು ಪ್ರತಿ ತುತ್ತಿಗೂ ಗೊತ್ತಾಗುತ್ತಿತ್ತು. ಹದಿಮೂರನೇ ವರ್ಷಕ್ಕೆ ಬಸ್ಸು ಹತ್ತಿ ಮುಂಬಯಿಗೆ ಬಂದು ಹೋಟೆಲಿಗೆ ಸೇರಿದ ಅವರು, ಇಲ್ಲಿ ಮೊದಲ ದಿನ ಕಂಡು ಬೆರಗಾದದ್ದು ಎತ್ತರದ ಕಟ್ಟಡಗಳಿಗಲ್ಲವಂತೆ. ಅಂಗಿಯಿಲ್ಲದ ಹಮಾಲಿಯೂ ಟೈ ಕಟ್ಟಿದ ಗುಮಾಸ್ತನೂ ಒಂದೇ ಮೇಜಿಗೆ ಕೂತು ಇಡ್ಲಿ ತಿಂದು, ಇಬ್ಬರೂ ಎರಡನೇ ಸಲ ಸಾಂಬಾರ್ ಕೇಳಿ, ಇಬ್ಬರಿಗೂ ಒಂದೇ ಸೌಟಿನಲ್ಲಿ ಅದು ಬಿದ್ದದ್ದಕ್ಕೆ.

ಉಚಿತ ಆಟದ ಲೆಕ್ಕವೂ ಆ ಸಾಂಬಾರಿನ ಲೆಕ್ಕವೇ. ಸಾಂಬಾರ್ ಪುಕ್ಕಟೆಯಲ್ಲ, ಇಡ್ಲಿಯ ಬೆಲೆಯಲ್ಲಿ ಅದು ಅಡಗಿದೆ. ಆಟ ಕಟ್ಟುವವರಿಗೂ ಸಂಬಳವಿದೆ, ಆಟವನ್ನು ನಡೆಸುವ ಸರ್ವರ್ ಕಂಪ್ಯೂಟರಿಗೆ ವಿದ್ಯುತ್ ಬೇಕು, ಯಾರೋ ಒಬ್ಬರು ಗಲ್ಲಾದ ಮುಂದೆ ನಿಂತು ಹಣ ಕೊಡಲೇಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಹಣ ಕೊಟ್ಟವನಿಗೆ ಒಳ್ಳೆಯ ಅಂಗಿ ಸಿಗಲಿ, ರೆಕ್ಕೆಯ ಕುದುರೆ ಸಿಗಲಿ, ಹೊಸ ಊರಿನ ಕಥೆ ಸಿಗಲಿ. ಆದರೆ ಪಂಕ್ತಿಯಲ್ಲಿ ಭೇದ ಮಾಡಬಾರದು. ಕೊಡದವನನ್ನು ಕೊಟ್ಟವನ ಕಾಲ ಕೆಳಗಿನ ಮಣೆಯಾಗಿಸುವ ಆಟ ನನಗೆ ಬೇಡ. ಇದೊಂದೇ ಅಳತೆಗೋಲು ಹಿಡಿದು ನಾನು ಹುಡುಕಲು ಹೊರಟೆ. ಹುಡುಗನಿಂದ ಆ ಆಟವನ್ನು ಕಿತ್ತುಕೊಂಡದ್ದಾಗಿತ್ತು. ಬರಿದಾದ ಜಾಗಕ್ಕೆ ಏನನ್ನಾದರೂ ಕೊಡಬೇಕಿತ್ತು. "ಹಾಗಾದರೆ ನೀವೇ ಹುಡುಕಿ ಮಾವ, ನೀವೂ ಆಡಬೇಕು," ಎಂದ. ಚಿಕ್ಕ ಮಾವನನ್ನೂ ಸೇರಿಸಿಕೊಳ್ಳೋಣ ಎಂದೆ.

ಈ ಬಗೆಯ ಆಟದ ವಂಶಾವಳಿ ನಾನು ಅಂದುಕೊಂಡದ್ದಕ್ಕಿಂತ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಬರಿಯ ಅಕ್ಷರಗಳಲ್ಲೇ ಒಂದು ಲೋಕ ಕಟ್ಟಿದ, ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಚಿತ್ರವಿಲ್ಲ, ಬಣ್ಣವಿಲ್ಲ, ಉತ್ತರಕ್ಕೆ ಹೋಗು ಎಂದು ಬರೆದರೆ ಉತ್ತರದಲ್ಲಿ ಏನಿದೆ ಎಂದು ಓದುವುದು. ಆದರೆ ಅದೇ ಕೋಣೆಯಲ್ಲಿ ಇನ್ನೊಬ್ಬ ನಿಜವಾದ ಮನುಷ್ಯ ನಿಂತಿರುತ್ತಿದ್ದ. ಇಂದಿನ ಥಳಕಿನ ಆಟಗಳ ಜೀವವೂ ಅಷ್ಟೇ ತಾನೆ? ಆಮೇಲೆ ಚಿತ್ರ ಬಂತು, ತಿಂಗಳ ಚಂದಾ ಬಂತು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆ ಚಂದಾ ಪದ್ಧತಿಯನ್ನು ಶಿಖರಕ್ಕೇರಿಸಿತು. ಎಲ್ಲರೂ ಒಂದೇ ಮೊತ್ತ ಕೊಟ್ಟು ಒಳಗೆ ಹೋಗುವುದಾದ್ದರಿಂದ ಒಂದು ಬಗೆಯ ಸಮಪಂಕ್ತಿ ಅಲ್ಲಿತ್ತು. ಆದರೆ ಬಾಗಿಲಿನ ಹೊರಗೆ ನಿಂತವರ ಸಂಖ್ಯೆ ದೊಡ್ಡದು, ಡಾಲರಿನ ಕಾರ್ಡಿಲ್ಲದ ನಮ್ಮಂಥವರು ಅದರಲ್ಲಿ ಸೇರಿದ್ದೆವು. 2009ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆನ್‌ಲೈನ್, 2010ರಲ್ಲಿ ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್, 2012ರಲ್ಲಿ ಸ್ಟಾರ್ ವಾರ್ಸ್: ದ ಓಲ್ಡ್ ರಿಪಬ್ಲಿಕ್, ಒಂದರ ಹಿಂದೆ ಒಂದು ಚಂದಾದ ಬಾಗಿಲು ತೆರೆದು ಉಚಿತದ ಫಲಕ ಹಾಕಿದವು.

ಬಾಗಿಲು ತೆರೆದವರೆಲ್ಲ ಒಂದೇ ಮನಸ್ಸಿನವರಲ್ಲ. ಜಪಾನಿನಲ್ಲಿ ಹಿಡಿಕೆ ತಿರುಗಿಸಿದರೆ ಗೊಂಬೆಯ ಉಂಡೆ ಉದುರುವ ಯಂತ್ರಗಳಿವೆ, ಯಾವ ಗೊಂಬೆ ಎಂಬುದು ಅದೃಷ್ಟ. ಅದರ ಸದ್ದಿನಿಂದ ಗಾಚಾ ಎಂಬ ಹೆಸರು ಬಂದು ಆಟಗಳಿಗೆ ಅಂಟಿಕೊಂಡಿತು. ಹಣ ಕೊಟ್ಟು ಪೆಟ್ಟಿಗೆ ಕೊಳ್ಳುವುದು, ಒಳಗೇನಿದೆ ಎಂಬುದು ತೆರೆದ ಮೇಲೆ. 2018ರಲ್ಲಿ ಬೆಲ್ಜಿಯಂ ದೇಶ ಕೆಲವು ಪ್ರಸಿದ್ಧ ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಕರೆಯಿತು. ನನ್ನನ್ನು ತುಂಬಾ ಕಾಡಿದ್ದು ದಕ್ಷಿಣ ಕೊರಿಯಾದ ಪ್ರಕರಣ. ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗವು 2024ರ ಜನವರಿಯಲ್ಲಿ ಮೇಪಲ್‌ಸ್ಟೋರಿ ಎಂಬ ಬಹುಕಾಲದ ಉಚಿತ ಆಟದ ಕಂಪನಿ ನೆಕ್ಸಾನ್‌ಗೆ 1,160 ಕೋಟಿ ವೊನ್ ದಂಡ ಹಾಕಿತು. ಆಯುಧದ ಗುಣ ಬದಲಿಸುವ ಘನಾಕೃತಿಯ ವಸ್ತುವೊಂದನ್ನು ಜನ ಹಣ ಕೊಟ್ಟು ಕೊಳ್ಳುತ್ತಿದ್ದರು. ಎಲ್ಲರೂ ಬಯಸುವ ಗುಣಗಳು ಬರುವ ಸಾಧ್ಯತೆಯನ್ನು ಸದ್ದಿಲ್ಲದೆ ತಗ್ಗಿಸಲಾಗಿತ್ತು, ಕೆಲವು ಜೋಡಣೆಗಳಂತೂ ಬರುವುದೇ ಸಾಧ್ಯವಿರಲಿಲ್ಲ. ಆಟಗಾರರಿಗೆ ಇದನ್ನು ಹೇಳಿರಲಿಲ್ಲ. ಇಲ್ಲದ ಚೀಟಿಯ ಲಾಟರಿಗೆ ಮಕ್ಕಳು ವರ್ಷಗಟ್ಟಲೆ ಕೈ ಹಾಕಿದ ಹಾಗಾಯಿತು. ಅದೇ ವರ್ಷದ ಮಾರ್ಚ್‌ನಿಂದ ಆ ದೇಶದಲ್ಲಿ ಇಂಥ ಸಾಧ್ಯತೆಗಳ ಶೇಕಡಾವಾರನ್ನು ಬಹಿರಂಗಪಡಿಸುವುದು ಕಡ್ಡಾಯ.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಆಟಗಳ ಕಾನೂನಿನ ಗುರಿ ಹಣ ಕಟ್ಟಿ ಹಣ ಗೆಲ್ಲುವ ಆಟಗಳು. ಹುಡುಗನ ಫೋನಿನ ಆ ಓಡುವ ಗಡಿಯಾರಕ್ಕೆ ಹತ್ತಿರದ್ದು ಇನ್ನೊಂದು: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಅದು ಪಟ್ಟಿ ಮಾಡುತ್ತದೆ, ಹುಸಿ ಅವಸರ ಹುಟ್ಟಿಸುವುದು ಅದರಲ್ಲೊಂದು. ಅಕ್ಕನಿಗೆ ಅದನ್ನು ಓದಿ ಹೇಳಿದಾಗ, "ಹಾಗಾದರೆ ನನ್ನ ಮಗ ಒಬ್ಬನೇ ದಡ್ಡನಲ್ಲ," ಎಂದು ನಿಟ್ಟುಸಿರು ಬಿಟ್ಟಳು. ಹುಡುಗನ ಮೇಲಿನ ಅವಳ ಸಿಟ್ಟು ಇಳಿದದ್ದು ಅಂದೇ.

ಹುಡುಕಾಟದ ನಡುವೆ ಬಾರ್ಟಲ್ ಮತ್ತೆ ಎದುರಾದ. ಆಟಗಾರರಲ್ಲಿ ನಾಲ್ಕು ಬಗೆ ಎಂದು 1996ರಲ್ಲಿ ಅವನು ಬರೆದ. ಸಾಧಿಸುವವರು, ಅಲೆಯುವವರು, ಒಡನಾಡುವವರು, ಇತರರ ಮೇಲೆ ಏರಿಹೋಗುವವರು. ಇಸ್ಪೀಟು ಎಲೆಗಳ ಹೆಸರನ್ನೇ ಕೊಟ್ಟಿದ್ದಾನೆ: ನಿಧಿ ಕೂಡಿಸುವವರು ಡೈಮಂಡ್, ನೆಲ ಅಗೆದು ನೋಡುವವರು ಇಸ್ಪೀಟ್, ಜನರ ಮೇಲೆ ಜೀವ ಇಟ್ಟವರು ಆಟಿನ್, ಬಡಿಗೆ ಹಿಡಿದವರು ಕಳಾವರ್. ತಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ಅಣ್ಣ, ನಾನು ಇಸ್ಪೀಟು. ಯಾರೂ ಹೋಗದ ಕಡೆ ಬಿಟ್ಟುಬಿಡಿ, ಸಾಕು," ಎಂದ. ಹುಡುಗ ಡೈಮಂಡ್, ಅನುಮಾನವಿಲ್ಲ. ನಾನು ಆಟಿನ್. ಆ ಫೋನು ಹನ್ನೊಂದು ನಿಮಿಷ ನಡೆಯಿತು. ಆಟ ಇನ್ನೂ ಸಿಕ್ಕಿರಲಿಲ್ಲ, ಅದು ಮಾಡಬೇಕಾದ ಕೆಲಸ ಆಗಲೇ ಶುರುವಾಗಿತ್ತು.

ನಮ್ಮ ಇಕ್ಕಟ್ಟುಗಳು ಸಣ್ಣವಲ್ಲ. ನನ್ನದು ಒಂಬತ್ತು ವರ್ಷದ ಲ್ಯಾಪ್‌ಟಾಪ್, ಹುಡುಗನದು ಮೊಬೈಲ್, ತಮ್ಮನದೂ ಮೊಬೈಲ್. ಮೂರರಲ್ಲೂ ಒಂದೇ ಲೋಕಕ್ಕೆ ಹೋಗಬೇಕು. ಇದೊಂದೇ ಷರತ್ತಿಗೆ ಎಷ್ಟೋ ಒಳ್ಳೆಯ ಆಟಗಳು ಬಿದ್ದುಹೋದವು.

ಗಿಲ್ಡ್ ವಾರ್ಸ್ 2 ಬಿದ್ದುಹೋದದ್ದು ಇಂದಿಗೂ ಬೇಸರ. 2012ರಲ್ಲಿ ಬಂದ ಆಟ, 2015ರಿಂದ ಅದರ ಮೂಲಭಾಗ ಉಚಿತ, ಚಂದಾ ಎಂಬುದು ಅದಕ್ಕೆ ಎಂದೂ ಇರಲಿಲ್ಲ. ಪಂಕ್ತಿಯ ಮರ್ಯಾದೆಯನ್ನು ಅಷ್ಟು ಚೆನ್ನಾಗಿ ತಿಳಿದ ಆಟ ಇನ್ನೊಂದನ್ನು ನಾನು ಕಾಣೆ. ಒಂದು ಮೃಗವನ್ನು ಹತ್ತು ಜನ ಹೊಡೆದರೆ ಹೊಡೆದವರಿಗೆಲ್ಲ ಅವರವರ ಪಾಲು. ನನ್ನ ಬೇಟೆಯನ್ನು ನೀನು ಕದ್ದೆ ಎಂಬ ಜಗಳವೇ ಇಲ್ಲ. ನೀವು ಕಡಿದ ಮರವನ್ನು ನಿಮ್ಮ ಹಿಂದೆ ಬಂದವನೂ ಕಡಿಯಬಹುದು. ಬಿದ್ದವನನ್ನು ದಾರಿಹೋಕರು ಯಾರೂ ಎತ್ತಬಹುದು. ಮಟ್ಟ 80ಕ್ಕೆ ಏರಿದವನು 10ರವನ ಊರಿಗೆ ಬಂದರೆ ಅವನ ಬಲ ಆ ಊರಿನ ಮಟ್ಟಕ್ಕೆ ಇಳಿಯುತ್ತದೆ. ಊರಿನ ಊಟದಲ್ಲಿ ಒಂದು ನಿಯಮವುಂಟು: ಪಂಕ್ತಿಯಲ್ಲಿ ಕೂತ ಕೊನೆಯ ಮುದುಕ ಮಜ್ಜಿಗೆ ಅನ್ನ ಮುಗಿಸುವವರೆಗೆ ಬೇರೆಯವರು ಏಳುವಂತಿಲ್ಲ. ಆ ನಿಯಮವನ್ನು ಗಣಿತಕ್ಕೆ ಇಳಿಸಿದ ಹಾಗಿದೆ ಇದು. ಆದರೆ ಮೊಬೈಲಿನಲ್ಲಿ ಇದು ಇಲ್ಲ, ಮೂವರಲ್ಲಿ ಇಬ್ಬರಿಗೆ ಮೊಬೈಲ್ ಬಿಟ್ಟು ಬೇರೆ ಗತಿಯಿಲ್ಲ.

ಫೈನಲ್ ಫ್ಯಾಂಟಸಿ 14 ನಿಜದಲ್ಲಿ ಚಂದಾದ ಆಟ, ಆದರೆ ಅದರ ಉಚಿತ ಪರೀಕ್ಷಾ ಅವಧಿಗೆ ದಿನಗಳ ಗಡುವಿಲ್ಲ. 2023ರಿಂದ ಮಟ್ಟ 70ರವರೆಗೆ ಕಥೆಯನ್ನು ಪೂರ್ತಿ ಆಡಬಹುದು. ಅಷ್ಟು ಬಡಿಸುವುದು ದೊಡ್ಡ ಕೈ. ಆದರೆ ಉಚಿತದವನು ತಾನಾಗಿ ತಂಡ ಕಟ್ಟುವಂತಿಲ್ಲ, ಸಂಘ ಸೇರುವಂತಿಲ್ಲ, ಸಂತೆಯಲ್ಲಿ ವ್ಯಾಪಾರ ಮಾಡುವಂತಿಲ್ಲ. ಒಬ್ಬನೇ ಕೂತು ಕಥೆ ಓದುವವನಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಮೂವರು ಉಚಿತದವರು ಕೂಡಿ ಕಾಲ ಕಳೆಯಲು ಸಲ್ಲದು.

ಆಲ್ಬಿಯನ್ ಆನ್‌ಲೈನ್ ಎಲ್ಲ ಲೆಕ್ಕದಲ್ಲೂ ಸರಿಹೊಂದುತ್ತಿತ್ತು. ಬರ್ಲಿನ್‌ನವರು ಕಟ್ಟಿದ್ದು, 2019ರಿಂದ ಉಚಿತ, 2021ರಿಂದ ಮೊಬೈಲಿಗೂ ಬಂದಿದೆ, 2023ರಲ್ಲಿ ಏಷ್ಯಾಕ್ಕೆಂದೇ ಬೇರೆ ಸರ್ವರ್ ಬಂತು. ಸಂತೆಯ ಹೆಚ್ಚುಕಡಿಮೆ ಎಲ್ಲ ವಸ್ತುವೂ ಆಟಗಾರರ ಕೈಯಲ್ಲೇ ತಯಾರಾದದ್ದು, ಅದು ನನಗೆ ಬಹಳ ಹಿಡಿಸಿತು. ಆದರೆ ಅದರ ಜೀವಾಳ ಇರುವುದು ಕೆಂಪು, ಕಪ್ಪು ವಲಯಗಳಲ್ಲಿ; ಅಲ್ಲಿ ಸತ್ತರೆ ಮೈಮೇಲಿನ ಸಾಮಾನೆಲ್ಲ ಕೊಂದವನ ಪಾಲು. ಕಳಾವರ್ ಮಂದಿಯ ಲೋಕ ಅದು. ತಮ್ಮ ಕೇಳಿದ ತಕ್ಷಣ ಬೇಡವೆಂದ. ದಿನವಿಡೀ ದುಡಿದು ಬಂದವನಿಗೆ ರಾತ್ರಿ ದರೋಡೆಯೂ ಬೇಕೇ ಎಂಬುದು ಅವನ ಪ್ರಶ್ನೆ.

ಕೊನೆಗೆ ಉಳಿದದ್ದು ನೋಡಲು ಎಲ್ಲಕ್ಕಿಂತ ಬಡವಾದ ಆಟ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಕೇಂಬ್ರಿಜ್‌ನ ಗವರ್ ಸಹೋದರರು 2001ರಲ್ಲಿ ಬ್ರೌಸರಿನೊಳಗೇ ಓಡುವಂತೆ ಮಾಡಿದ ರೂನ್‌ಸ್ಕೇಪ್ ಕಾಲಕ್ರಮದಲ್ಲಿ ಬದಲಾಗುತ್ತ ಹೋಯಿತು; ಹಳೆಯದೇ ಬೇಕೆಂದು ಆಟಗಾರರು ಪಟ್ಟು ಹಿಡಿದರು; 2007ರ ಆಗಸ್ಟ್‌ನ ಒಂದು ಪ್ರತಿ ಕಂಪನಿಯ ಬಳಿ ಉಳಿದಿತ್ತು; ಮತಕ್ಕೆ ಹಾಕಿ 2013ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಈ ಕಥೆ ನನಗೆ ಮುಖ್ಯವಾಯಿತು. ಆನ್‌ಲೈನ್ ಲೋಕಗಳು ಅಣೆಕಟ್ಟಿನ ಕೆಳಗಿನ ಊರುಗಳಂತೆ, ಒಂದು ದಿನ ನೋಟಿಸು ಬರುತ್ತದೆ, ಎಲ್ಲ ಮುಳುಗುತ್ತದೆ. ಸಿಟಿ ಆಫ್ ಹೀರೋಸ್ ಎಂಬ ಆಟವನ್ನು 2012ರ ನವೆಂಬರ್ 30ರಂದು ಮುಚ್ಚಿದಾಗ ಎಂಟು ವರ್ಷದ ನೆರೆಹೊರೆ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಮುಳುಗಿದ ಊರೊಂದನ್ನು ಜನರೇ ಎತ್ತಿ ನಿಲ್ಲಿಸಿಕೊಂಡ ಕಡೆ ಮನೆ ಮಾಡುವುದು ಮೇಲು ಎನಿಸಿತು.

ಪಂಕ್ತಿಯ ಅಳತೆಗೋಲು ಇಲ್ಲಿ ಏನು ಹೇಳಿತು? ನೇರವಾಗಿ ಹೇಳುತ್ತೇನೆ, ಇಲ್ಲೂ ಎರಡು ಪಂಕ್ತಿ ಇದೆ. ಹಣ ಕೊಟ್ಟ ಸದಸ್ಯರಿಗೆ ಬೇರೆ ಸರ್ವರ್, ದೊಡ್ಡ ಭೂಪಟ, ಹೆಚ್ಚು ಕಸುಬುಗಳು. ಉಚಿತದವರ ಪ್ರಪಂಚ ಚಿಕ್ಕದು. ಆದರೆ ಸದಸ್ಯನೊಬ್ಬ ಉಚಿತದವರ ಸರ್ವರಿಗೆ ಬಂದರೆ ಅವನ ಸದಸ್ಯತ್ವದ ಆಯುಧ ಅಲ್ಲಿ ನಡೆಯುವುದಿಲ್ಲ, ಎಲ್ಲರ ಹಾಗೆಯೇ ಕೂತು ಉಣ್ಣಬೇಕು. ಇನ್ನೊಂದು ವಿಷಯ: ಬಾಂಡ್ ಎಂಬ ಚೀಟಿ ಉಂಟು. ನಿಜವಾದ ಹಣ ಕೊಟ್ಟು ಕೊಂಡವನು ಅದನ್ನು ಆಟದ ಚಿನ್ನಕ್ಕೆ ಮಾರಬಹುದು. ಚಿನ್ನ ದುಡಿದವನು ಅದನ್ನು ಕೊಂಡು 14 ದಿನದ ಸದಸ್ಯತ್ವ ಪಡೆಯಬಹುದು. ಹಣ ಒಳಬರುವ ಸಂದು ಇದು, ಇಲ್ಲವೆನ್ನುವಂತಿಲ್ಲ. ಆದರೆ ಕಸುಬಿನ ಮಟ್ಟವನ್ನು ಚಿನ್ನ ನೇರವಾಗಿ ಕೊಡುವುದಿಲ್ಲ. ಮೀನು ಹಿಡಿಯುವುದನ್ನು ಕಲಿಯಬೇಕಾದರೆ ನದಿಯ ದಂಡೆಯಲ್ಲಿ ನಿಲ್ಲಲೇಬೇಕು. ತಲೆಯ ಮೇಲೆ ಯಾರು ಎಷ್ಟು ಸುರಿದರು ಎಂಬ ಚಿನ್ನದ ಅಂಕಿ ಹೊಳೆಯುವುದಿಲ್ಲ. ನನಗೆ ಅಷ್ಟು ಸಾಕಾಯಿತು.

ಪಿಂಗ್, ಅಂದರೆ ನಾವು ಒತ್ತಿದ್ದು ಸರ್ವರಿಗೆ ಹೋಗಿ ಉತ್ತರ ಮರಳಲು ಹಿಡಿಯುವ ಹೊತ್ತು, ಅದರ ವಿಷಯದಲ್ಲಿ ಮಾತ್ರ ಆಶ್ಚರ್ಯ ಕಾದಿತ್ತು. ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮುಂಬಯಿಯಿಂದ ನಮ್ಮ ಸರ್ವರಿರುವ ಲಂಡನ್ನಿಗೆ ನೇರ ಗೆರೆ ಎಳೆದರೆ ಸುಮಾರು 7,200 ಕಿಲೋಮೀಟರ್. ಹೋಗಿ ಬರಲು ಎಷ್ಟೇ ಹಣ ಕೊಟ್ಟರೂ 72 ಮಿಲಿಸೆಕೆಂಡಿಗಿಂತ ಕಡಿಮೆಯಾಗದು, ಸಮುದ್ರದಡಿಯ ಕೇಬಲ್ ಸುತ್ತಿ ಬಳಸಿ ಬರುವುದರಿಂದ ನನ್ನ ಲ್ಯಾಪ್‌ಟಾಪ್ 140ರ ಆಸುಪಾಸು ತೋರಿಸುತ್ತದೆ. ಆ ಕೇಬಲ್‌ಗಳಲ್ಲಿ ಹಲವು ದಡ ಸೇರುವುದು ನಮ್ಮ ವರ್ಸೋವಾದ ಮರಳಿನಡಿಯಲ್ಲೇ. ಒಂದು ಭಾನುವಾರ ಹುಡುಗನನ್ನು ಅಲ್ಲಿಗೆ ಕರೆದೊಯ್ದು, "ನೀನು ಒತ್ತಿದ ಗುಂಡಿ ಇಲ್ಲಿಂದ ಸಮುದ್ರಕ್ಕೆ ಇಳಿಯುತ್ತದೆ," ಎಂದೆ. ಅವನು ಬಹಳ ಹೊತ್ತು ಅಲೆ ನೋಡುತ್ತ ನಿಂತ. ವೇಗದ ಕಾಳಗದ ಆಟಗಳಲ್ಲಿ 140 ಎಂದರೆ ಕತ್ತಿ ಎತ್ತುವ ಮುಂಚೆ ತಲೆ ಹೋಗಿರುತ್ತದೆ. ಈ ಆಟದ ನಾಡಿ ಮಾತ್ರ ನಿಧಾನ: 0.6 ಸೆಕೆಂಡಿಗೆ ಒಮ್ಮೆ ಬಡಿಯುತ್ತದೆ, ಎಲ್ಲ ಕೆಲಸವೂ ಆ ತಾಳಕ್ಕೇ ನಡೆಯುತ್ತದೆ. ನನ್ನ 140 ಆ ತಾಳದ ಸಂದಿನಲ್ಲಿ ಕರಗಿಹೋಗುತ್ತದೆ. ಕುಂದಾಪುರದ ಮಳೆಯಲ್ಲಿ ತೊಯ್ದ ತಮ್ಮನ ನೆಟ್‌ವರ್ಕೂ ಅಷ್ಟಿಷ್ಟು ನಿಭಾಯಿಸುತ್ತದೆ.

ಶುರು ಮಾಡುವ ಮುಂಚೆ ಹುಡುಗನಿಗೆ ಎರಡು ಮಾತು ಹೇಳಿದ್ದೆ. ಪರಿಚಯವಿಲ್ಲದವರ ಜೊತೆ ಮಾತುಕತೆ ಬಂದ್. ಅದಕ್ಕೆ ಆಟದಲ್ಲೇ ಸೌಲಭ್ಯವಿದೆ, ನಾನೇ ಕೂತು ಹೊಂದಿಸಿದೆ. ನಿನ್ನ ಚಿನ್ನ ಕೊಡು, ಎರಡರಷ್ಟು ಮಾಡಿ ಕೊಡುತ್ತೇನೆ ಎನ್ನುವವರು ಪೇಟೆಯಲ್ಲಿ ಸಾಲಾಗಿ ನಿಂತಿರುತ್ತಾರೆ, ಹತ್ತಿರ ಹೋಗಬೇಡ. ಚೀಟಿ ಫಂಡಿನಲ್ಲಿ ಕೈಸುಟ್ಟುಕೊಂಡ ಮನೆತನದವರಿಗೆ ಎರಡನೆಯದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ.

ಜುಲೈ ಕೊನೆಯ ಶನಿವಾರ ಮೂವರೂ ಲಂಬ್ರಿಜ್ ಎಂಬ ಊರಿನಲ್ಲಿ ಇಳಿದೆವು. ವಾಟ್ಸ್ಆ್ಯಪ್ ಕರೆ ಪಕ್ಕದಲ್ಲಿ ತೆರೆದಿತ್ತು. ಅಲ್ಲಿನ ಕೋಟೆಯ ಅಡುಗೆಮನೆಯಲ್ಲಿ ಒಬ್ಬ ಅಡುಗೆಯವನು ತಲೆಯ ಮೇಲೆ ಕೈಹೊತ್ತು ನಿಂತಿದ್ದಾನೆ: ಡ್ಯೂಕನ ಹುಟ್ಟುಹಬ್ಬ, ಕೇಕಿಗೆ ಸಾಮಾನಿಲ್ಲ. ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ತಂದುಕೊಡಬೇಕು. ಮೊಟ್ಟೆ ಕೋಳಿಗೂಡಿನ ಅಂಗಳದಲ್ಲಿ ಬಿದ್ದಿತ್ತು. ಹಾಲನ್ನು ನಾವೇ ಕರೆದೆವು. ಹಿಟ್ಟಿಗೆ ಗದ್ದೆಯಿಂದ ಗೋಧಿಯ ತೆನೆ ಕಿತ್ತು, ಗಾಳಿಗಿರಣಿಯ ಮೇಲಂತಸ್ತಿಗೆ ಹತ್ತಿ, ಬಾಯಿಗೆ ಸುರಿದು, ಸನ್ನೆ ಎಳೆದು, ಮೆಟ್ಟಿಲಿಳಿದು ಕೆಳಗೆ ಬಂದು ಮಡಕೆ ಒಡ್ಡಬೇಕು.

ತಮ್ಮ ಮೇಲಂತಸ್ತಿನಲ್ಲಿ ನಿಂತವನು ಅಲ್ಲೇ ನಿಂತ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ದನಿ ಬಂತು. "ಅಣ್ಣ, ನಮ್ಮ ಗಿರಣಿಯಲ್ಲೂ ಹೀಗೆಯೇ ಇತ್ತಲ್ಲ? ಅಪ್ಪ ರಜೆಗೆ ಬಂದಾಗ ನನ್ನನ್ನು ಮೇಲೆ ಎತ್ತಿ ಹಿಡಿಯುತ್ತಿದ್ದರು, ಭತ್ತ ಇಳಿಯುವುದನ್ನು ನೋಡಲಿ ಎಂದು. ನೀನು ಕೆಳಗೆ ಗೋಣಿಚೀಲ ಹಿಡಿದುಕೊಂಡಿರುತ್ತಿದ್ದೆ." ನನಗೆ ಅದು ಮರೆತೇ ಹೋಗಿತ್ತು. ಗಿರಣಿಯ ಅಕ್ಕಿಯ ಬಿಸಿ, ತೌಡಿನ ಘಮ, ಅಪ್ಪನ ಮುಂಬಯಿಯ ಬಿಳಿ ಅಂಗಿಯ ಮೇಲೆ ಕೂತ ಧೂಳು, ಒಂದೊಂದಾಗಿ ಇಬ್ಬರೂ ನೆನಪು ಮಾಡಿಕೊಂಡೆವು. ಹುಡುಗ ನಡುವೆ ಬಾಯಿ ಹಾಕಲಿಲ್ಲ. ಅಜ್ಜನ ಬಗ್ಗೆ ಅಷ್ಟು ಮಾತನ್ನು ಅವನು ಹಿಂದೆ ಕೇಳಿರಲಿಲ್ಲ.

ಸಾಮಾನು ಕೊಟ್ಟ ಮೇಲೆ ಸಿಕ್ಕ ಬಹುಮಾನ ನೋಡಿ ನಾನು ಸುಮ್ಮನಾದೆ. ಕತ್ತಿಯಿಲ್ಲ, ಚಿನ್ನವಿಲ್ಲ. ಅಡುಗೆಯ ಕಸುಬಿನಲ್ಲಿ ಒಂದಿಷ್ಟು ಅನುಭವ, ಜೊತೆಗೆ ಕೋಟೆಯ ಅಡುಗೆಮನೆಯ ಒಲೆಯನ್ನು ಬಳಸುವ ಅನುಮತಿ. ಮುಂಬಯಿಯ ಫೋರ್ಟ್ ಬಡಾವಣೆಯ ಹೋಟೆಲಿನಲ್ಲಿ ಅಪ್ಪ ಕ್ಲೀನರ್ ಆಗಿ ಸೇರಿ, ಹಗಲು ಮೇಜು ಒರೆಸಿ, ಸಂಜೆ ರಾತ್ರಿಶಾಲೆಗೆ ಹೋಗಿ, ಸಪ್ಲಯರ್ ಆಗಿ, ಒಲೆಯ ಹತ್ತಿರ ಹೋಗಲು ಆರು ವರ್ಷ ಕಾದಿದ್ದರು. ಭಟ್ಟರು ಮೊದಲ ಸಲ ಸೌಟು ಕೈಗೆ ಕೊಟ್ಟ ದಿನವನ್ನು ಅವರು ಮದುವೆಯ ದಿನದಷ್ಟೇ ಸ್ಪಷ್ಟವಾಗಿ ಹೇಳುತ್ತಿದ್ದರು. ಇದನ್ನು ಹುಡುಗನಿಗೆ ಹೇಳಿದೆ. "ಹಾಗಾದರೆ ಅಜ್ಜ ಎಷ್ಟನೇ ಮಟ್ಟದಲ್ಲಿದ್ದರು ಮಾವ?" ಎಂದು ಕೇಳಿದ. ಗಂಭೀರವಾಗಿಯೇ ಕೇಳಿದ. ನಾನೂ ಯೋಚಿಸಿ, ತೊಂಬತ್ತೊಂಬತ್ತು ಎಂದೆ. ಆ ಆಟದಲ್ಲಿ ಅದಕ್ಕಿಂತ ಮೇಲೆ ಮಟ್ಟವಿಲ್ಲ.

ಅಲ್ಲಿಂದ ಮುಂದಿನ ಶನಿವಾರಗಳು ಹೆಚ್ಚಾಗಿ ನೀರಿನ ಪಕ್ಕದಲ್ಲೇ ಕಳೆದವು. ಮೊದಲು ಸಣ್ಣ ಬಲೆಯಲ್ಲಿ ಸಿಗಡಿ. 20ನೇ ಮಟ್ಟಕ್ಕೆ ಬಂದ ಮೇಲೆ ಕೋಳಿ ಗರಿ ಕಟ್ಟಿದ ಗಾಳದಲ್ಲಿ ಟ್ರೌಟ್ ಮೀನು. ಹುಡುಗ ವಾರದ ನಡುವೆಯೂ ಆಡಿ ನಮ್ಮಿಬ್ಬರಿಗಿಂತ ಬಹಳ ಮುಂದೆ ಹೋಗಿಬಿಡಬಲ್ಲ. ಹೋಗಿದ್ದಾನೆ ಕೂಡ, ಬೇರೆ ಕಸುಬುಗಳಲ್ಲಿ. ಮೀನು ಮಾತ್ರ ಶನಿವಾರಕ್ಕೆಂದು ಬಿಟ್ಟಿದ್ದಾನೆ. ಯಾರೂ ಅವನಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಚೌತಿಯ ಹಿಂದಿನ ಶನಿವಾರ ಊರಿನಲ್ಲಿ ಗಾಳಿಮಳೆ. ಒಂಬತ್ತು ಮುಕ್ಕಾಲಿಗೆ ತಮ್ಮನ ದನಿ ಅರ್ಧಕ್ಕೆ ನಿಂತಿತು, ನದಿಯ ದಂಡೆಯಲ್ಲಿದ್ದ ಅವನ ಪಾತ್ರ ಮಾಯವಾಯಿತು. ಕರೆಂಟು ಹೋಗಿರಬೇಕು. ಮಲಗುವ ಹೊತ್ತಾಯಿತು, ನಾಳೆ ನೋಡೋಣ ಎಂದು ನಾನು ಹುಡುಗನಿಗೆ ಹೇಳಿದೆ. "ಚಿಕ್ಕ ಮಾವ ಬರಲಿ," ಎಂದ. ಹಿಡಿದ ಮೀನನ್ನೆಲ್ಲ ಹೊತ್ತು ಇಬ್ಬರೂ ಕೋಟೆಯ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತೆವು. ಒಂದೊಂದಾಗಿ ಬೇಯಿಸಿದೆವು. ನನ್ನ ಕೈಯಲ್ಲಿ ಹಲವು ಸುಟ್ಟವು, ಅವನ ಕೈಯಲ್ಲಿ ಕೆಲವು. ಡೊಂಬಿವಲಿಯಲ್ಲೂ ಮಳೆ ಜೋರಾಯಿತು, ಎಲ್ಲೋ ಲೋಕಲ್ ರೈಲುಗಳ ಸದ್ದು.

ಮುಕ್ಕಾಲು ಗಂಟೆಯ ಮೇಲೆ ಗೆಳೆಯರ ಪಟ್ಟಿಯಲ್ಲಿ ತಮ್ಮನ ಹೆಸರಿನ ಪಕ್ಕದ ಕೆಂಪು ಅಳಿದು ಹಸಿರು ಬಂತು. ಫೋನು ರಿಂಗಣಿಸಿತು. ಊಟ ಆಯಿತೇ ಎಂದು ಅವನು ಕೇಳಲಿಲ್ಲ.

"ಎಷ್ಟು ಸುಟ್ಟಿರಿ?" ಎಂದ.